ಕರಿದ ಎಣ್ಣೆಗೂ ಮಕ್ಕಳಾಗದಿರುವುದಕ್ಕೂ ನಂಟಿದೆಯೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆ ಹಿಡಿದರೆ ಸಂಜೆ ಚಹಾದ ಜೊತೆ ಬಿಸಿ ಬೋಂಡಾ ಬೇಕೇ ಬೇಕು. ರಮಝಾನಿನಲ್ಲಂತೂ ಇಫ್ತಾರ್‌ನ ಸಮೋಸಕ್ಕಾಗಿ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಇತ್ತ ಮದುವೆಯಾಗಿ ಎರಡು ವರ್ಷವಾದರೂ ಮಗುವಾಗದ ಮನೆಗೆ ಮೊಬೈಲಿನಲ್ಲಿ ಸಲಹೆಗಳು ಬರುತ್ತವೆ: ಸೂರ್ಯಕಾಂತಿ ಎಣ್ಣೆ ಬಿಡಿ, ಅದು ಹಾರ್ಮೋನ್ ಕೆಡಿಸುತ್ತದೆ! ಇದೆಷ್ಟು ನಿಜ?

ಬೀಜದೆಣ್ಣೆ ಶತ್ರುವಲ್ಲ

ಸೂರ್ಯಕಾಂತಿ, ಶೇಂಗಾ, ಎಳ್ಳಿನ ಎಣ್ಣೆಗಳಲ್ಲಿ ಲಿನೋಲಿಕ್ ಆಮ್ಲವಿದೆ. ನಮ್ಮ ದೇಹ ಅದನ್ನು ತಾನಾಗಿ ತಯಾರಿಸಲಾರದು, ಆಹಾರದಿಂದಲೇ ಸಿಗಬೇಕು. ಅಂಡ ಬಿಡುಗಡೆಯಲ್ಲೂ ಹೆರಿಗೆಯಲ್ಲೂ ಕೆಲಸ ಮಾಡುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಇದರಿಂದಲೇ ಆಗುತ್ತವೆ. ಸೂರ್ಯಕಾಂತಿ ಎಣ್ಣೆಯಲ್ಲಿ ಹೇರಳವಾಗಿರುವ ಇ ಜೀವಸತ್ವ 1922ರಲ್ಲಿ ಪತ್ತೆಯಾದದ್ದೇ, ಅದಿಲ್ಲದ ಆಹಾರ ತಿಂದ ಇಲಿಗಳಿಗೆ ಮರಿಗಳು ಉಳಿಯದಿದ್ದಾಗ. ಮಿತವಾಗಿ ಬಳಸಿದ ಬೀಜದೆಣ್ಣೆಯಿಂದ ಬಂಜೆತನ ಬರುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ.

ಒಂದು ಎಣ್ಣೆ ಮಾತ್ರ ನಿಜಕ್ಕೂ ತೊಂದರೆ ಕೊಟ್ಟಿದೆ. ಕಳೆದ ಶತಮಾನದಲ್ಲಿ ಚೀನಾದ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆ ಬಳಸಿದ ಕುಟುಂಬಗಳಿಗೆ ಮಕ್ಕಳಾಗಲಿಲ್ಲ. ಅದರಲ್ಲಿದ್ದ ಗಾಸಿಪಾಲ್ ಪುರುಷರ ವೀರ್ಯಾಣುಗಳನ್ನು ಕುಗ್ಗಿಸಿತ್ತು. ಶುದ್ಧೀಕರಿಸುವಾಗ ಈ ವಿಷ ಹೋಗುತ್ತದೆ.

ಎಚ್ಚರ ಬೇಕಾದದ್ದು ಎಲ್ಲಿ?

ಟ್ರಾನ್ಸ್ ಕೊಬ್ಬಿನಲ್ಲಿ. ಅಮೆರಿಕದ ದಾದಿಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಹೆಚ್ಚು ತಿನ್ನುತ್ತಿದ್ದವರಲ್ಲಿ ಅಂಡ ಬಿಡುಗಡೆಯ ದೋಷದಿಂದಾಗುವ ಬಂಜೆತನ ಹೆಚ್ಚು ಕಂಡುಬಂತು. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ. 2ನ್ನು ಮೀರುವಂತಿಲ್ಲ. ಆದರೆ ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಬಾಣಲೆಯಲ್ಲೇ ಹಾನಿಕರ ವಸ್ತುಗಳು ಹುಟ್ಟುತ್ತವೆ. ಕರಿದದ್ದು ಹೆಚ್ಚಾದರೆ ತೂಕವೂ ಏರುತ್ತದೆ. ಪಿಸಿಓಎಸ್ ಇರುವ ಹೆಣ್ಣುಮಕ್ಕಳಿಗೆ ಅದು ಮುಟ್ಟನ್ನು ಇನ್ನಷ್ಟು ಏರುಪೇರು ಮಾಡುತ್ತದೆ. ಹೆಚ್ಚು ತೂಕವಿರುವವರು ಶೇ. 5 ರಿಂದ 10ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ಸರಿಯಾಗುತ್ತದೆ.

ಅಡುಗೆಮನೆಯಲ್ಲಿ

• ಒಬ್ಬರಿಗೆ ದಿನಕ್ಕೆ ನಾಲ್ಕು ಟೀ ಚಮಚ ಎಣ್ಣೆ ಸಾಕು.
• ಒಂದೇ ಎಣ್ಣೆಗೆ ಅಂಟಿಕೊಳ್ಳದೆ ತೆಂಗು, ಶೇಂಗಾ, ಸೂರ್ಯಕಾಂತಿಯನ್ನು ಬದಲಿಸುತ್ತಿರಿ.
• ಕರಿದು ಉಳಿದ ಎಣ್ಣೆಯನ್ನು ಸೋಸಿ, ಒಂದೆರಡು ದಿನದೊಳಗೆ ಒಗ್ಗರಣೆ, ಪಲ್ಯಕ್ಕೆ ಮುಗಿಸಿ. ಕಪ್ಪಾಗಿ ನೊರೆ ಬಂದರೆ ಚೆಲ್ಲಿ.
• ಇಫ್ತಾರ್‌ಗೆ ದಿನವೂ ಕರಿಯಬೇಕೆಂದಿಲ್ಲ. ನಮ್ಮ ಮಲೆನಾಡಿನ ಕಡುಬು, ಅಕ್ಕಿರೊಟ್ಟಿ, ಹಣ್ಣುಗಳಿವೆ.

ಸೊಸೆಯೊಬ್ಬಳ ತಪ್ಪಲ್ಲ

ಮಗುವಾಗದಿದ್ದರೆ ಮೊದಲು ಸೊಸೆಯ ಕಡೆ ಬೆರಳು ತೋರುವ ರೂಢಿ ನಮ್ಮಲ್ಲಿನ್ನೂ ಇದೆ. ಆದರೆ ಕಾರಣ ಗಂಡನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಿ. ಗಂಡನ ವೀರ್ಯ ಪರೀಕ್ಷೆ ಸುಲಭ, ನೋವಿಲ್ಲದ್ದು. ಅದಕ್ಕೆ ನಾಚಿ ಹೆಂಡತಿಯನ್ನೊಬ್ಬಳನ್ನೇ ವರ್ಷಗಟ್ಟಲೆ ಔಷಧಿಗೆ ಅಲೆಸುವುದು ನ್ಯಾಯವಲ್ಲ. ಎಣ್ಣೆಯ ಡಬ್ಬಿ ಬದಲಿಸಿ ಕಾಯುತ್ತ ಕುಳಿತರೆ ಕಳೆಯುವುದು ಅವರಿಬ್ಬರ ಅಮೂಲ್ಯ ಸಮಯ.