ಬೇಲಿಯ ಆಡುಸೋಗೆ, ಎದೆಯ ಕೆಮ್ಮು



ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ. ಆದರೆ ಬೇಲಿಯ ಆಡುಸೋಗೆಯ ಹತ್ತಿರ ಬಂದ ಆಡು ಸಾಮಾನ್ಯವಾಗಿ ಮೂಸಿ ನೋಡಿ ಮುಂದಕ್ಕೆ ಹೋಗುತ್ತದೆ. ಅದಕ್ಕೇ ಅಲ್ಲವೇ ನಮ್ಮ ಹಿರಿಯರು ಇದರ ಕಡ್ಡಿ ನೆಟ್ಟು ಬೇಲಿ ಮಾಡಿದ್ದು? ಎಲೆ ಅಷ್ಟು ಕಹಿ. ಗಿಡದ ಗುಟ್ಟೂ ಆ ಕಹಿಯಲ್ಲೇ ಇದೆ.

ಎಲೆಯಲ್ಲಿ ಆಲ್ಕಲಾಯ್ಡ್ ಎಂಬ ಜಾತಿಯ ಕಹಿ ವಸ್ತುಗಳಿವೆ. ಅವುಗಳಲ್ಲಿ ಮುಖ್ಯವಾದುದು ವ್ಯಾಸಿಸಿನ್. ಹೂಪರ್ ಎಂಬ ರಸಾಯನಜ್ಞ ಇದನ್ನು 1888ರಲ್ಲಿ ಬೇರ್ಪಡಿಸಿದರು. ಇದು ಆಮ್ಲಜನಕದೊಡನೆ ಕೂಡಿದರೆ ವ್ಯಾಸಿಸಿನೋನ್ ಆಗುತ್ತದೆ; ಅದಕ್ಕೆ ಬಿಗಿದುಕೊಂಡ ಉಸಿರ್ನಾಳವನ್ನು ಸಡಿಲಿಸುವ ಗುಣವಿದೆ. ವ್ಯಾಸಿಸಿನ್ನಿನ ಮಾದರಿಯನ್ನೇ ಹಿಡಿದು, ಅಂಟುಗಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್ ಎಂಬ ಔಷಧಿಗಳನ್ನು ತಯಾರಿಸಿದರು. ಅಂಗಡಿಯಿಂದ ತಂದ ಕೆಮ್ಮಿನ ಸೀಸೆಯ ಚೀಟಿ ಓದಿ ನೋಡಿ. ಎಷ್ಟೋ ಸೀಸೆಗಳ ಮೇಲೆ ಈ ಹೆಸರುಗಳಿರುತ್ತವೆ. ನಿಮ್ಮ ಬೇಲಿಯ ಗಿಡದ ನೆಂಟರೇ ಅವು!

ಹಾಗಾದರೆ ಈ ಸೊಪ್ಪು ರೋಗಾಣುಗಳನ್ನೂ ಕೊಲ್ಲುತ್ತದೆಯೇ, ಅಂತ ಕೇಳುವಿರಿ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕೀವು ಮಾಡುವ ಕೆಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ಎಲೆಯ ಸಾರ ತಡೆಯುತ್ತದೆ, ನಿಜ. ಮೇಲೆ ಹೇಳಿದ ಎರಡು ಔಷಧಿಗಳು ಕ್ಷಯದ ರೋಗಾಣುವನ್ನೂ ತಟ್ಟೆಯಲ್ಲಿ ತಡೆದದ್ದುಂಟು. ಆದರೆ ತಟ್ಟೆಯೇ ಬೇರೆ, ಎದೆಯೇ ಬೇರೆ. ತಟ್ಟೆಯಲ್ಲಿ ಸಾರವನ್ನು ರೋಗಾಣುವಿನ ಮೇಲೇ ಸುರಿಯುತ್ತಾರೆ. ನೀವು ಕುಡಿದ ಕಷಾಯವೋ ಹೊಟ್ಟೆಗಿಳಿದು, ರಕ್ತಕ್ಕೆ ಬೆರೆತು, ಮೈಯೆಲ್ಲ ಹಂಚಿಹೋದ ಮೇಲೆ ಶ್ವಾಸಕೋಶಕ್ಕೆ ಸಿಗುವುದು ಎಷ್ಟು? ಕೆಮ್ಮು ತುಸು ತಗ್ಗೀತು. ರೋಗಾಣು ಮಾತ್ರ ಒಳಗೇ ಬೆಳೆಯುತ್ತಿರುತ್ತದೆ, ಮಗ್ಗುಲಲ್ಲಿ ಮಲಗುವ ಮಕ್ಕಳಿಗೂ ದಾಟುತ್ತದೆ. ಕಷಾಯದಿಂದ ಗುಣವಾಯಿತು ಅಂತ ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರಲ್ಲ, ಅವರನ್ನು ನೆನೆದೇ ಈ ಮಾತು.

ಆದ್ದರಿಂದ ನೆಗಡಿಯ ಕೆಮ್ಮಿಗೆ ಮನೆಮದ್ದು ಇರಲಿ. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಕಫದಲ್ಲಿ ರಕ್ತ ಕಂಡರಂತೂ ಅಷ್ಟು ದಿನವೂ ಕಾಯಬೇಡಿ. ಅಲ್ಲಿ ಪರೀಕ್ಷೆಗೂ ಕ್ಷಯದ ಮಾತ್ರೆಗೂ ಕಾಸು ಕೊಡಬೇಕಿಲ್ಲ. ಮಾತ್ರೆಯನ್ನು ಸಾಮಾನ್ಯವಾಗಿ 6 ತಿಂಗಳು ನುಂಗಬೇಕು. ನಡುವೆ ಮೈ ಹಗುರಾಯಿತು ಅಂತ ಬಿಡುವ ಹಾಗಿಲ್ಲ.

ಇನ್ನೊಂದು ಮಾತು. ಬಸುರಿಯರಿಗೆ ಈ ಕಷಾಯ ಬೇಡವೇ ಬೇಡ. ವ್ಯಾಸಿಸಿನ್‌ಗೆ ಗರ್ಭಕೋಶವನ್ನು ಹಿಂಡುವ ಗುಣವಿದೆ.

ಬೇಲಿ ಸವರಿದಾಗ ಸಿಗುವ ಸೊಪ್ಪನ್ನು ಎಸೆಯಬೇಡಿ. ದನ ತಿನ್ನದಿದ್ದರೇನಂತೆ, ಭತ್ತದ ಗದ್ದೆಗೆ ಹಾಕಿ ತುಳಿಸಿ. ಒಳ್ಳೆಯ ಹಸಿರೆಲೆ ಗೊಬ್ಬರವಾಗುತ್ತದೆ.