ಎರೆಮಣ್ಣಿನ ಋಣವೂ ಅದರ ಮಾಪನವೂ

ರೋಣ, ನರಗುಂದ ಪ್ರಾಂತಗಳ ಎರೆಹೊಲಗಳು ಬೇಸಗೆಯಲ್ಲಿ ಆಳವಾಗಿ ಬಿರಿಯುವುವು. ಮಳೆ ಬಿದ್ದೊಡನೆ ಉಬ್ಬಿ ಕಾಲಿಗೆ ಅಂಟುವುವು. ಗಜೇಂದ್ರಗಡದ ಗುಡ್ಡಗಳ ಬುಡದ ಮಸಾರಿ ಮಣ್ಣಿನಲ್ಲಿ ಈ ಗುಣವು ಅಷ್ಟಾಗಿ ಕಾಣದು. ಈ ಭೇದದ ಮೂಲವನ್ನರಸಿದರೆ ಮಣ್ಣಿನ ಕಣಗಳ ಮೇಲಿರುವ ವಿದ್ಯುದಂಶದ ವಿಚಾರಕ್ಕೆ ಬರಬೇಕಾಗುತ್ತದೆ.

ಎರೆಯಲ್ಲಿ ಹೇರಳವಾಗಿರುವ ಮಾಂಟ್‌ಮೊರಿಲ್ಲೊನೈಟ್ ವರ್ಗದ ಜೇಡಿಯು ಅತಿ ತೆಳುವಾದ ಪದರಗಳುಳ್ಳ ನಿರವಯವ ಖನಿಜವು. ಪದರದೊಳಗೆ ಅಲ್ಯೂಮಿನಿಯಂ ಇರಬೇಕಾದ ಕೆಲವು ಸ್ಥಾನಗಳಲ್ಲಿ ಮೆಗ್ನೀಸಿಯಂ ನಿಂತಿರುತ್ತದೆ. ಮೂರು ಧನಾಂಶಗಳು ಸಲ್ಲಬೇಕಾದಲ್ಲಿ ಎರಡೇ ಸಲ್ಲುವುದರಿಂದ ಪದರಕ್ಕೆ ಋಣವು ಉಳಿಯುವುದು. ಬ್ರಹ್ಮಗುಪ್ತನು ಕ್ರಿ. ಶ. 628ರಲ್ಲಿ ಸಂಖ್ಯೆಗಳಿಗೆ ಬಳಸಿದ ಧನ, ಋಣ ಎಂಬ ಸಂಜ್ಞೆಗಳು ಇಲ್ಲಿ ಅನ್ವರ್ಥವಾಗಿಯೇ ಸಲ್ಲುವುವು. ಈ ಸಾಲವನ್ನು ಸರಿದೂಗಿಸಲು ಕ್ಯಾಲ್ಸಿಯಂ, ಸೋಡಿಯಂ ಮೊದಲಾದ ಧನ ಅಯಾನುಗಳು ಪದರಗಳ ನಡುವೆ ಬಂದು ನಿಲ್ಲುವುವು. ದ್ರಾವಣವು ಬದಲಾದರೆ ಒಂದರ ಸ್ಥಾನಕ್ಕೆ ಮತ್ತೊಂದು ಬರುವುದು. ಈ ವಿನಿಮಯವನ್ನು ಇಂಗ್ಲೆಂಡಿನ ಥಾಮಸ್ ವೇ ಎಂಬ ರಸಾಯನಜ್ಞನು 1850ರಲ್ಲಿ ಪ್ರಯೋಗಗಳಿಂದ ವಿವರಿಸಿದನು.

ಋಣದ ಮೊತ್ತವನ್ನು ಅಳೆಯುವ ಕ್ರಮವು ಸಾಲಗಾರನ ಲೆಕ್ಕವನ್ನು ಹೋಲುತ್ತದೆ. ತೂಗಿದ ಮಣ್ಣನ್ನು ಸೋಡಿಯಂ ಅಸಿಟೇಟ್ ದ್ರಾವಣದಿಂದ ಪುನಃ ಪುನಃ ತೊಳೆದು ಎಲ್ಲ ಸ್ಥಾನಗಳನ್ನೂ ಸೋಡಿಯಂನಿಂದ ತುಂಬುವರು. ಹೆಚ್ಚಿನ ಲವಣವನ್ನು ಮದ್ಯಸಾರದಿಂದ ಕಳೆಯುವರು. ಬಳಿಕ ಅಮೋನಿಯಂ ಅಸಿಟೇಟ್ ಹಾಕಿ ಹೊರಬಂದ ಸೋಡಿಯಂ ಅನ್ನು ಎಣಿಸುವರು. ಸುಣ್ಣದ ಹರಳುಗಳುಳ್ಳ ಎರೆಗೆ ಈ ಕ್ರಮವು ಉಚಿತವಾದುದು. ಶುದ್ಧ ಮಾಂಟ್‌ಮೊರಿಲ್ಲೊನೈಟಿನಲ್ಲಿ ಈ ಮೊತ್ತವು 100 ಗ್ರಾಂಗೆ ಸುಮಾರು 80ರಿಂದ 120 ಮಿಲಿ ಈಕ್ವಿವಲೆಂಟ್. ಕೆಯೊಲಿನೈಟ್ ಎಂಬ ಜೇಡಿಯಲ್ಲಿ 3ರಿಂದ 15 ಮಾತ್ರ.

ಆದರೆ ಒಟ್ಟು ಸಾಲವು ತಿಳಿದ ಮಾತ್ರಕ್ಕೆ ಕಣದ ವರ್ತನೆಯು ತಿಳಿಯದು. ದ್ರಾವಣದಲ್ಲಿ ಕಣವು ತನ್ನನ್ನು ಅಂಟಿಕೊಂಡ ಅಯಾನುಗಳೊಡನೆಯೇ ಚಲಿಸುವುದರಿಂದ, ಹೊರಗೆ ತೋರುವುದು ತೀರದೆ ಉಳಿದ ಭಾಗವು ಮಾತ್ರ. ನೀರಿನಲ್ಲಿ ತೇಲುವ ಜೇಡಿಕಣಗಳು ವಿದ್ಯುತ್ತಿನ ಧನಧ್ರುವದತ್ತ ಸರಿಯುವುದನ್ನು ಮಾಸ್ಕೋದ ರೋಯ್ಸ್ ಎಂಬವನು 1809ರಲ್ಲಿ ಪ್ರಕಟಿಸಿದ್ದನು. ಆ ವೇಗವನ್ನು ಹಿಂದೆ ಸೂಕ್ಷ್ಮದರ್ಶಕದಿಂದ ಅಳೆಯುತ್ತಿದ್ದರು. ಈಗ ಲೇಸರ್ ಕಿರಣದಿಂದ ಅಳೆದು, ‘ಜೀಟಾ ವಿಭವ’ವನ್ನು ಗಣಿಸುವರು. ಸೋಡಿಯಂ ದ್ರಾವಣದಲ್ಲಿ ಇದರ ಋಣಪ್ರಮಾಣವು ದೊಡ್ಡದು. ಕ್ಯಾಲ್ಸಿಯಂ ಸೇರಿದಂತೆಲ್ಲ ಕುಗ್ಗುವುದು, ಪದರದ ಮೂಲಋಣವು ಹಾಗೆಯೇ ಇದ್ದರೂ. ಮಸಾರಿಗೆ ಕೆಂಪನ್ನು ಕೊಡುವ ಕಬ್ಬಿಣದ ಆಕ್ಸೈಡುಗಳ ರೀತಿಯೇ ಬೇರೆ: ಅವುಗಳ ಮೇಲ್ಮೈಯು ಆಮ್ಲದಲ್ಲಿ ಧನವಾಗಿಯೂ ಕ್ಷಾರದಲ್ಲಿ ಋಣವಾಗಿಯೂ ಪರಿಣಮಿಸುವುದು. ಆದಕಾರಣ ಅವುಗಳನ್ನು ಆಮ್ಲ, ಕ್ಷಾರಗಳಿಂದ ಹಂತಹಂತವಾಗಿ ತೂಗಿ ಶೂನ್ಯಬಿಂದುವನ್ನು ಕಂಡುಕೊಳ್ಳಬೇಕು.

ಈ ವಿವೇಕವು ಕೇವಲ ಪ್ರಯೋಗಶಾಲೆಗೆ ಸೇರಿದುದಲ್ಲ. ಮಲಪ್ರಭಾ ಕಾಲುವೆಯ ಪ್ರದೇಶದಲ್ಲಿ ನೀರು ನಿಂತು ಕೆಲವು ಹೊಲಗಳು ಸವಳುಜವಳಾಗಿವೆ. ವಿನಿಮಯಸ್ಥಾನಗಳಲ್ಲಿ ಸೋಡಿಯಂ ನೂರಕ್ಕೆ 15ನ್ನು ಮೀರಿದರೆ ಮಣ್ಣು ಕ್ಷಾರಭೂಮಿಯೆನಿಸುವುದು. ಆಗ ಕಣಗಳು ಪರಸ್ಪರ ದೂರ ಸರಿದು ನೀರಿಳಿಯುವ ರಂಧ್ರಗಳನ್ನು ಮುಚ್ಚುವುವು. ಜಿಪ್ಸಮ್ ಹಾಕಿ ನೀರನ್ನು ಬಸಿದರೆ ಕ್ಯಾಲ್ಸಿಯಂ ಬಂದು ಸೋಡಿಯಂ ತೊಲಗುವುದು. ಎರೆಯ ಋಣವು ಮೊದಲಿನಷ್ಟೇ ಉಳಿಯುವುದು. ಸಾಲಕೊಟ್ಟವನು ಮಾತ್ರ ಬದಲಾಗಿರುವನು. ಆದುದರಿಂದ ಮೊತ್ತವೆಷ್ಟು, ಅದನ್ನು ತುಂಬಿದವರಾರು, ಯಾವ ದ್ರಾವಣದಲ್ಲಿ ಅಳೆದುದು ಎಂಬ ಮೂರನ್ನೂ ಹೇಳದ ಮಾಪನವು ಅಪೂರ್ಣವೆಂದೇ ತಿಳಿಯತಕ್ಕುದು.