ಲೋಡ್ ಬಿದ್ದಷ್ಟೂ ಗಟ್ಟಿಯಾಗುವ ಕಟ್ಟಡ

ಹೋದ ರಜೆಯಲ್ಲಿ ಊರಿಗೆ ಹೋಗಿ ಬಂದ ನಮ್ಮಲ್ಲಿ ಮೂರ್ನಾಲ್ಕು ಜನ ಒಂದೇ ಮಾತು ಹೇಳಿದರು. ಊಟ ಮುಗಿಸಿ ನೆಲದಿಂದ ಏಳುವಾಗ ಅಪ್ಪನೋ ಅಮ್ಮನೋ ಗೋಡೆಗೆ ಕೈ ಊರುತ್ತಾರೆ. ನಾವು ಫಸ್ಟ್ ಇಯರ್‌ನಲ್ಲಿದ್ದಾಗ ಹೀಗಿರಲಿಲ್ಲ. ಕೇಳಿದರೆ "ವಯಸ್ಸಾಯ್ತಲ್ಲಪ್ಪಾ" ಅಂತ ನಗ್ತಾರೆ. ವಯಸ್ಸು ಕಾರಣ ಹೌದು, ಆದರೆ ಅರ್ಧ ಕಾರಣ ಮಾತ್ರ.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಕೆಲಸ ಕೊಡದ ಸ್ನಾಯುವನ್ನು ದೇಹ ಸುಮ್ಮನೆ ಸಾಕುವುದಿಲ್ಲ. ಮೂಳೆಯ ಕಥೆಯೂ ಅದೇ. ಇದು ನಮ್ಮ ಸಿವಿಲ್‌ನವರಿಗೆ ಇಷ್ಟವಾಗುವ ಕಥೆ: 1860ರ ದಶಕದಲ್ಲಿ ಜ್ಯೂರಿಕ್‌ನಲ್ಲಿ ಕಾರ್ಲ್ ಕುಲ್ಮನ್ ಎಂಬ ಇಂಜಿನಿಯರಿಂಗ್ ಪ್ರೊಫೆಸರ್, ಸೀಳಿದ ತೊಡೆಮೂಳೆಯೊಳಗಿನ ಎಳೆಗಳನ್ನು ನೋಡಿದರು. ಕ್ರೇನಿನ ತೋಳಿಗೆ ತಾವು ಬರೆಯುವ ಸ್ಟ್ರೆಸ್ ಗೆರೆಗಳಂತೆಯೇ ಅವೂ ಕಂಡವು. ಲೋಡ್ ಬದಲಾದರೆ ಮೂಳೆಯೂ ತನ್ನ ರಚನೆ ಬದಲಿಸಿಕೊಳ್ಳುತ್ತದೆ ಅಂತ 1892ರಲ್ಲಿ ಜೂಲಿಯಸ್ ವೋಲ್ಫ್ ಎಂಬ ಸರ್ಜನ್ ಬರೆದರು. ಸ್ಟೀಲ್ ರಾಡ್‌ಗೆ ಪದೇ ಪದೇ ಲೋಡ್ ಹಾಕಿದರೆ ಫಟೀಗ್ ಆಗಿ ಮುರಿಯುತ್ತೆ. ಮೂಳೆಗೆ ಬಿಡುವು ಕೊಟ್ಟು ಹಾಕಿದರೆ ಗಟ್ಟಿಯಾಗುತ್ತೆ. (ಬಿಡುವು ಕೊಡದಿದ್ದರೆ ಅದೂ ಬಿರುಕು ಬಿಡುತ್ತೆ, ಜಿಮ್ ಹುಚ್ಚಿನವರು ಗಮನಿಸಿ.)

ಲೋಡೇ ಇಲ್ಲದಿದ್ದರೆ? ವ್ಯಾಯಾಮ ಮಾಡದ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ. 1ಕ್ಕೂ ಹೆಚ್ಚು ಸವೆಯುತ್ತದೆ. ಅಲ್ಲಿ ಡಂಬೆಲ್‌ಗೆ ತೂಕವೇ ಇಲ್ಲವಲ್ಲ, ಅದಕ್ಕೇ ಬಾಹ್ಯಾಕಾಶ ನಿಲ್ದಾಣದಲ್ಲಿ ನಿರ್ವಾತ ಸಿಲಿಂಡರ್‌ಗಳ ಎಳೆತದ ವಿರುದ್ಧ ಬಸ್ಕಿ ಹೊಡೆಯುವ ಯಂತ್ರ ಇಟ್ಟಿದ್ದಾರೆ.

"ಈಗ ಶುರು ಮಾಡಿದ್ರೆ ಏನ್ ಬಂತು" ಅನ್ನುವ ಅಪ್ಪಂದಿರಿಗೆ ಹೇಳಬೇಕಾದದ್ದು 1990ರ ಒಂದು ಅಧ್ಯಯನ. ಅಮೆರಿಕದ ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಜನರಿಂದ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು! ಗುಂಪು ಚಿಕ್ಕದು, ನಿಜ. ಆದರೆ ಆಮೇಲಿನ ದೊಡ್ಡ ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ.

ಇನ್ನು ಶುಗರ್. ಊಟವಾದ ಮೇಲೆ ರಕ್ತಕ್ಕೆ ಬರುವ ಗ್ಲೂಕೋಸ್‌ಗೆ ಅತಿ ದೊಡ್ಡ ಗೋದಾಮು ನಮ್ಮ ಸ್ನಾಯು. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆಯೂ ಗ್ಲೂಕೋಸ್ ಎಳೆದುಕೊಳ್ಳಬಲ್ಲದು. ಮೂರು ಹೊತ್ತೂ ಅನ್ನ ತಿನ್ನುವ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಬೆಳಗಿನ ವಾಕಿಂಗ್ ಒಳ್ಳೆಯದೇ, ಹೃದಯಕ್ಕೆ ಬೇಕು. ಆದರೆ ನೆಲದಿಂದ ಏಳುವ ಬಲವನ್ನು ವಾಕಿಂಗ್ ಒಂದೇ ಕೊಡಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅನ್ನುತ್ತದೆ.

ಜಿಮ್ ಬೇಕಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ, ನೀರು ತುಂಬಿದ ಬಾಟಲಿ ಎತ್ತುವುದು, ಇಷ್ಟು ಸಾಕು ಶುರುವಿಗೆ. ಸುಲಭ ಅನ್ನಿಸಿದಾಗ ಸ್ವಲ್ಪ ಹೆಚ್ಚಿಸಬೇಕು, ಇಲ್ಲದಿದ್ದರೆ ದೇಹ ಅಲ್ಲೇ ನಿಂತುಬಿಡುತ್ತೆ. ಉಸಿರು ಬಿಗಿಹಿಡಿಯಬಾರದು. ಬಿಪಿ, ಹೃದಯದ ತೊಂದರೆ, ಮಂಡಿನೋವು ಇದ್ದವರು ಮೊದಲು ಡಾಕ್ಟರನ್ನು ಕೇಳಲಿ.

ನಮ್ಮ ಬಳಗದ ಒಬ್ಬರ ಅಮ್ಮ ಮೊದಲ ವಾರ ಐದಕ್ಕೇ ಸಾಕಪ್ಪಾ ಅಂದಿದ್ದರು. ಈಗ ಹನ್ನೆರಡು ಮಾಡಿ ಫೋನಿನಲ್ಲಿ ಲೆಕ್ಕ ಒಪ್ಪಿಸುತ್ತಾರೆ. ಅಪ್ಪ ಇನ್ನೂ "ನಾಳೆಯಿಂದ" ಅಂತಿದ್ದಾರೆ.